ತಮ್ಮ ಬರಹದ ವಿರುದ್ಧ ನಿಂತ ರೈಟರು

ಅವರ ಬಲಗೈಯ ನಡುಬೆರಳಿನಲ್ಲಿ, ಉಗುರಿನ ಪಕ್ಕಕ್ಕೆ, ಹುಣಸೆಬೀಜದಷ್ಟು ಗಾತ್ರದ ಒಂದು ಗಂಟಿತ್ತು. ಹಾಳೆಗಳ ನಡುವೆ ಕಾರ್ಬನ್ ಇಟ್ಟು, ಕೊನೆಯ ಪ್ರತಿಯವರೆಗೂ ಅಕ್ಷರ ಮೂಡುವಂತೆ ಒತ್ತಿ ಒತ್ತಿ ಬರೆದು ಆದ ಗಂಟು. ಅಲ್ಲಿನ ಚರ್ಮ ಸತ್ತು ಹಳದಿಗೆ ತಿರುಗಿತ್ತು. ನಡುವೆ ಪೆನ್ನು ಕೂರುವಷ್ಟು ಅಗಲದ ಸಣ್ಣ ತಗ್ಗು. ಠಾಣೆಗೆ ಕಂಪ್ಯೂಟರ್ ಬಂದಮೇಲೂ ಅವರು ಮೊದಲು ಕೈಯಲ್ಲಿ ಬರೆದು, ಆಮೇಲೆ ಟೈಪು ಮಾಡಿಸುತ್ತಿದ್ದರಂತೆ. ಮಾತಾಡುವಾಗ ಯೋಚನೆ ಬಂದರೆ ಹೆಬ್ಬೆರಳಿನಿಂದ ಆ ಗಂಟನ್ನು ಉಜ್ಜುತ್ತಿದ್ದರು.

ಠಾಣೆಯಲ್ಲಿ ದೂರು, ಹೇಳಿಕೆ, ಮಹಜರು, ಕೋರ್ಟಿಗೆ ಹೋಗುವ ಕಾಗದ ಎಲ್ಲವನ್ನೂ ಬರೆಯುವ ಹೆಡ್ ಕಾನ್‌ಸ್ಟೇಬಲ್‌ನನ್ನು ರೈಟರ್ ಎನ್ನುತ್ತಾರೆ. ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಜನಕ್ಕೆ ಎಸ್‌ಐಗಳ ಹೆಸರು ನೆನಪಿರುವುದಿಲ್ಲ, ಅವರು ಬರುತ್ತಾರೆ, ಹೋಗುತ್ತಾರೆ. ರೈಟರನ್ನು ಮಾತ್ರ ಯಾರೂ ಮರೆಯುವುದಿಲ್ಲ. ಅವರ ಪೆನ್ನು ಯಾವ ಕಡೆ ಓಡುತ್ತದೋ ಆ ಕಡೆ ಒಂದು ಮನೆಯ ಬದುಕು ಓಡುತ್ತದೆ. ನಮ್ಮ ಮನೆಯ ಬದುಕೂ ಹಾಗೇ ಓಡಿತ್ತು.

ನಮ್ಮೂರು ಅಜ್ಜಂಪುರದ ಕಡೆಯದು, ಈರುಳ್ಳಿ ಬೆಳೆಯುವ ಕಪ್ಪು ನೆಲ. ನಾನು ಕಡೂರಿನಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಎ ಎರಡನೇ ವರ್ಷ ಓದುತ್ತಿದ್ದಾಗ, ಹೊಲಕ್ಕೆ ಹೋಗುವ ಬಂಡಿದಾರಿಯ ವಿಷಯಕ್ಕೆ ನಮ್ಮ ಅಪ್ಪನಿಗೂ ಪಕ್ಕದ ಹೊಲದವರಿಗೂ ಜಗಳವಾಯಿತು. ಅಪ್ಪ ಕೋಲಿನಿಂದ ಹೊಡೆದದ್ದು ನಿಜ. ಚಿಕ್ಕಪ್ಪ ಕಾಲರ್ ಹಿಡಿದು ತಳ್ಳಿದ್ದೂ ನಿಜ. ಅವ್ವ ಇಬ್ಬರನ್ನೂ ಬಿಡಿಸಲು ಹೋಗಿ ಕೈ ಬಳೆ ಒಡೆದುಕೊಂಡಿದ್ದಳು. ಪಕ್ಕದ ಹೊಲದವರು ಠಾಣೆಗೆ ಹೋಗಿ ದೂರು ಕೊಟ್ಟರು. ವಾರದ ಮೇಲೆ ನೋಡಿದರೆ ಎಫ್‌ಐಆರ್‌ನಲ್ಲಿ ನಾಲ್ವರು ಆರೋಪಿಗಳು: ಅಪ್ಪ, ಚಿಕ್ಕಪ್ಪ, ಅವ್ವ, ನಾಲ್ಕನೆಯವಳು ನಾನು. ಆ ಹೊತ್ತಿನಲ್ಲಿ ನಾನು ಕಡೂರಿನ ಕಾಲೇಜಿನಲ್ಲಿ ಇಂಟರ್ನಲ್ ಪರೀಕ್ಷೆ ಬರೆಯುತ್ತಾ ಕುಳಿತಿದ್ದೆ.

ಅಪ್ಪ ಪ್ರಿನ್ಸಿಪಾಲರಿಂದ ಒಂದು ಪತ್ರ ಬರೆಸಿಕೊಂಡು ಠಾಣೆಗೆ ಕೊಟ್ಟು ಬಂದ. ಅದರಿಂದ ಏನೂ ಆಗಲಿಲ್ಲ. ಜಾಮೀನಿನ ಕಾಗದಕ್ಕೆ ಸಹಿ ಹಾಕಲು ಒಮ್ಮೆ ಠಾಣೆಗೆ ಹೋಗಿದ್ದೆ. ಮೇಜಿನ ಆಚೆ ಒಬ್ಬರು ತಲೆ ಬಗ್ಗಿಸಿ ಬರೆಯುತ್ತಿದ್ದರು. "ಇಲ್ಲಿ, ಇಲ್ಲಿ, ಇಲ್ಲಿ" ಎಂದು ಬೆರಳಿಟ್ಟು ತೋರಿಸಿದರು. ಮೂರು ಕಡೆ ಸಹಿ ಹಾಕಿದೆ. ಅವರು ತಲೆ ಎತ್ತಲಿಲ್ಲ. ನೀನು ಅವತ್ತು ಅಲ್ಲಿದ್ದೆಯಾ ಎಂದು ಒಬ್ಬರಾದರೂ ಕೇಳಿದ್ದರೆ ಉತ್ತರ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ. ವಾಪಸು ಬಸ್ಸಿನಲ್ಲಿ ಕುಳಿತಾಗ, ಆ ಪ್ರಶ್ನೆ ಕೇಳುವ ಜಾಗದಲ್ಲಿ ನಾನೇ ಕೂರಬೇಕು ಅನ್ನಿಸಿತು. ಪೊಲೀಸ್ ಆಗಬೇಕೆಂಬ ಆಸೆ ನನಗೆ ಹುಟ್ಟಿದ್ದು ಹಾಗೆ, ಆರೋಪಿಯಾಗಿ.

ಕೇಸು ತರೀಕೆರೆಯ ಕೋರ್ಟಿನಲ್ಲಿ ವಾಯಿದೆಯಿಂದ ವಾಯಿದೆಗೆ ತೆವಳುತ್ತಿತ್ತು. ನಾನು ಬಿಎ ಮುಗಿಸಿ ಕಡೂರಿನಲ್ಲೇ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಬೆಳಿಗ್ಗೆ ಮೈದಾನದಲ್ಲಿ ಓಡುತ್ತಿದ್ದೆ, ಗುಂಡು ಎಸೆಯುತ್ತಿದ್ದೆ. ಕೇಸಾಗಿ ನಾಲ್ಕು ವರ್ಷವಾದ ಮೇಲೆ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಅರ್ಜಿ ಕರೆದರು. ಮಧ್ಯಾಹ್ನದ ಬಿಡುವಿನಲ್ಲಿ ಬಸ್ ಸ್ಟ್ಯಾಂಡ್ ಹಿಂದಿನ ಸೈಬರ್ ಸೆಂಟರಿಗೆ ಹೋದೆ. ಅದನ್ನು ನಡೆಸುತ್ತಿದ್ದ ಅಕ್ಕ ಫಟಾಫಟ್ ಅರ್ಜಿ ತುಂಬುತ್ತಾ ಬಂದು ಒಂದು ಕಡೆ ನಿಂತಳು.

"ನಿಮ್ಮ ಮೇಲೆ ಕ್ರಿಮಿನಲ್ ಕೇಸು ಇದೆಯಾ ಅಂತ ಕೇಳ್ತಿದೆ ಕಣೇ. ಇಲ್ಲ ಅಂತ ಹಾಕ್ಲಾ?"

ನಾನು ಪರದೆಯ ಮೇಲಿನ ಆ ಪ್ರಶ್ನೆಯನ್ನೇ ನೋಡುತ್ತಿದ್ದೆ. ಅವಳಿಗೆ ಅರ್ಥವಾಯಿತು. ದನಿ ತಗ್ಗಿಸಿ, "ಇದ್ರೂ ಇಲ್ಲ ಅಂತಾನೇ ಹಾಕದು. ಎಲ್ರೂ ಹಂಗೇ ಮಾಡದು. ಯಾರ್ ನೋಡ್ತಾರೆ?" ಅಂದಳು.

"ನೋಡ್ತಾರೆ ಕಣವ್ವ. ಹೌದು ಅಂತ ಒತ್ತು," ಎಂದಿತು ಹಿಂದಿನಿಂದ ಒಂದು ದನಿ.

ಹಿಂದಿನ ಬೆಂಚಿನಲ್ಲಿ ಬಿಳಿ ಅಂಗಿಯ ಹಿರಿಯರೊಬ್ಬರು ಕುಳಿತಿದ್ದರು. ಪಿಂಚಣಿಗಾಗಿ, ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಹೆಬ್ಬೆಟ್ಟು ಒತ್ತಲು ಬಂದವರು. ಕಿಸೆಯಲ್ಲಿ ಎರಡು ಪೆನ್ನು, ಒಂದು ನೀಲಿ, ಒಂದು ಕಪ್ಪು.

"ಆಯ್ಕೆ ಆದ್ಮೇಲೆ ನಿಮ್ಮೂರ ಠಾಣೆಗೆ ಕಾಗದ ಬತ್ತದೆ. ಈ ಹುಡುಗಿ ಮೇಲೆ ಏನಾದ್ರೂ ಐತಾ ಅಂತ. ಆ ಕಾಗದಕ್ಕೆಲ್ಲ ಉತ್ರ ಬರೀತಿದ್ದೋನು ನಾನೇ. ಕೇಸ್ ಇದ್ರೆ ಒಂದ್ಸಲ ಕ್ಷಮಿಸ್ತಾರೆ. ಮುಚ್ಚಿಟ್ರೆ ಕ್ಷಮಿಸಲ್ಲ. ಟ್ರೇನಿಂಗ್ ಮುಗಿಯೋ ಹೊತ್ತಿಗೆ ಮನೆಗೆ ಕಳಿಸಿರೋದ ನೋಡಿದೀನಿ." ಆಮೇಲೆ ಸಹಜವಾಗಿ ಕೇಳಿದರು, "ಯಾವ್ ಠಾಣೆ ಕೇಸು?"

ಹೇಳಿದೆ. ಅವರ ಹೆಬ್ಬೆರಳು ಆ ಗಂಟಿನ ಮೇಲೆ ನಿಂತಿತು.

"ಬಂಡಿದಾರಿ ಗಲಾಟೇನಾ?"

"ಹೂಂ ಸಾರ್."

"ನಾಕು ಜನ. ಇಬ್ರು ಗಂಡಸ್ರು, ಇಬ್ರು ಹೆಂಗಸ್ರು. ನೀನು ಎಷ್ಟನೇಳು?"

"ನಾಲ್ಕನೇ ಆರೋಪಿ ಸಾರ್."

ಸೈಬರ್ ಅಕ್ಕ ಕೀಲಿಮಣೆಯಿಂದ ಕೈ ತೆಗೆದು ತಿರುಗಿ ನೋಡಿದಳು.

"ಅದನ್ನ ಬರೆದೋನು ನಾನೇ ಕಣಮ್ಮ," ಎಂದರು. ಆಮೇಲೆ, ನಾಲ್ಕು ವರ್ಷದಿಂದ ಯಾರೂ ಕೇಳದ ಮಾತನ್ನು ಕೇಳಿದರು. "ನೀನು ಅವತ್ತು ಅಲ್ಲಿದ್ಯಾ?"

"ಇರ್ಲಿಲ್ಲ ಸಾರ್. ಕಾಲೇಜಲ್ಲಿ ಪರೀಕ್ಷೆ ಬರೀತಿದ್ದೆ."

ಅವರು ತಲೆ ಅಲ್ಲಾಡಿಸಿದರು. ನನ್ನ ಮಾತನ್ನು ಅನುಮಾನಿಸಿ ಅಲ್ಲ. ಅರ್ಜಿಯಲ್ಲಿ "ಹೌದು" ಎಂದು ಒತ್ತಿದಮೇಲೆ ಕೆಳಗೆ ಕೇಸಿನ ನಂಬರು ಕೇಳಿತು. ನನಗೆ ಗೊತ್ತಿರಲಿಲ್ಲ. ಬೆಂಚಿನ ಮೇಲೆ ಕುಳಿತಲ್ಲಿಂದಲೇ ಅವರು ಠಾಣೆಯ ನಂಬರು, ಕೋರ್ಟಿನ ನಂಬರು ಎರಡನ್ನೂ ನೆನಪಿನಿಂದ ಹೇಳಿ ಬರೆಸಿದರು. ನನಗೆ ಸಿಟ್ಟು ಬರಬೇಕಿತ್ತು. ಆ ನಂಬರುಗಳನ್ನು ಅಂಗೈಯ ಮೇಲೆ ಬರೆದುಕೊಂಡೆ ಅಷ್ಟೆ.

ಆ ಭಾನುವಾರ ಅವರು ನಮ್ಮೂರಿಗೆ ಬಂದರು. ಬಸ್ಸಿಳಿದು, ದಾರಿ ಕೇಳಿಕೊಂಡು, ನಮ್ಮ ಮನೆಯ ಮುಂದೆ ಬಂದು ನಿಂತಾಗ ಅಪ್ಪ ಈರುಳ್ಳಿ ಚೀಲ ಹೊಲಿಯುತ್ತಿದ್ದ. ಯೂನಿಫಾರ್ಮ್ ಇಲ್ಲದಿದ್ದರೂ ಅಪ್ಪನಿಗೆ ಗುರುತು ಸಿಕ್ಕಿತು. ಕೂರಿ ಎನ್ನಲಿಲ್ಲ.

"ನಿಮ್ಮ ಮಗಳ ಹೆಸರು ಬರೆದೋನು ನಾನು," ಎಂದರು ಅವರು. ಓಣಿಯ ನಾಲ್ಕಾರು ಜನ ನಿಂತು ನೋಡುತ್ತಿದ್ದರು. ದನಿ ತಗ್ಗಿಸಲಿಲ್ಲ. "ದೂರು ಕೊಟ್ಟೋರು ನಿಮ್ಮ ಹೆಸರು, ನಿಮ್ಮ ತಮ್ಮನ ಹೆಸರು ಹೇಳಿದ್ರು. ಮನೇರೆಲ್ಲ ಸೇರ್ಕಂಡು ಹೊಡೆದ್ರು ಅಂದ್ರು. ಮನೇಲಿ ಯಾರ್ಯಾರವ್ರೆ ಅಂತ ಜತೇಲಿ ಬಂದೋರ್ನ ಕೇಳಿ ಹೆಂಗಸ್ರ ಹೆಸ್ರು ಸೇರಿಸ್ದೋನು ನಾನು. ನೀವು ಕಾಲೇಜಿಂದ ತಂದ್ಕೊಟ್ಟ ಪತ್ರಾನ ಫೈಲಿನ ಅಡಿಗೆ ಹಾಕಿದ್ದೂ ನಾನೇ. ತಪ್ಪಾಗೈತೆ."

ಅಪ್ಪ ದಬ್ಬಳ ಕೆಳಗಿಟ್ಟ. "ನಾಕು ವರ್ಷ ತರೀಕೆರೆಗೆ ಅಲ್ದಿದೀನಿ. ನನ್ ಮಗಳನ್ನ ಕಟಕಟೆ ಮುಂದೆ ನಿಲ್ಲಿಸ್ಕೊಂಡು ತಲೆ ತಗ್ಗಿಸಿದೀನಿ. ಇವತ್ತು ಬಂದು ತಪ್ಪಾಗೈತೆ ಅಂತೀರಲ್ಲ, ಏನ್ ಮಾಡ್ಲಿ ಇದನ್ನ?"

"ನೀವೇನೂ ಮಾಡ್ಬೇಡಿ. ಆ ಕೇಸಲ್ಲಿ ನಾನೂ ಒಬ್ಬ ಸಾಕ್ಷಿ. ನನ್ನ ಕರೆದ ದಿನ ಇದನ್ನೇ ಹೇಳ್ತೀನಿ."

ಚಿಕ್ಕಪ್ಪ ಒಳಗಿನಿಂದ ಬಂದ. "ಹಂಗಾದ್ರೆ ನಾವೂ ಹೊಡೀಲಿಲ್ಲ ಅಂತ ಹೇಳ್ಬಿಡಿ ಸಾರ್, ಎಲ್ಲಾ ಒಂದೇ ಸಲ ಮುಗೀತದೆ."

"ಅದು ಆಗಲ್ಲ," ಎಂದರು. "ಏಟು ಬಿದ್ದಿದ್ದು ನಿಜ. ಗಾಯ ನಾನೇ ನೋಡಿದೀನಿ."

ಅವ್ವ ಒಂದು ಚೊಂಬು ನೀರು ತಂದುಕೊಟ್ಟಳು. ನಿಂತೇ ಕುಡಿದು, ಚೊಂಬನ್ನು ಕಟ್ಟೆಯ ಮೇಲಿಟ್ಟು, ಬಂದ ದಾರಿಯಲ್ಲೇ ಹೋದರು. ಅಪ್ಪ ಮತ್ತೆ ಚೀಲಕ್ಕೆ ಕೈ ಹಾಕಲಿಲ್ಲ. "ಇಂಥ ಮನ್ಸನ್ನ ಬೈಯಕ್ಕೂ ಆಗಲ್ವಲ್ಲೇ," ಎಂದ ಅವ್ವನಿಗೆ.

ಅಂದಿನಿಂದ ಅವರು ನನಗೆ ಮೇಷ್ಟ್ರೂ ಆದರು. ಪರೀಕ್ಷೆಯಲ್ಲಿ ಒಂದು ಪತ್ರಿಕೆ ಪೂರ್ತಿ ಬರವಣಿಗೆಯದು: ಪ್ರಬಂಧ, ಸಾರಾಂಶ, ಅನುವಾದ. ಅಂಗಡಿಯ ಕೆಲಸ ಮುಗಿಸಿ ಸಂಜೆ ಅವರ ಮನೆಗೆ ಹೋಗುತ್ತಿದ್ದೆ. ಕಡೂರಿನ ರೈಲ್ವೆ ಸ್ಟೇಷನ್ ಕಡೆಯ ಒಂದು ಸಣ್ಣ ಮನೆ. ಮಕ್ಕಳಿಲ್ಲ. ಅವರು, ಅವರ ಹೆಂಡತಿ. ನಾನು ಆಕೆಯನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಹೋದ ಕೂಡಲೇ ದೊಡ್ಡಮ್ಮ ಅವಲಕ್ಕಿಯನ್ನೋ ಮಂಡಕ್ಕಿಯನ್ನೋ ಮುಂದಿಡುತ್ತಿದ್ದರು. "ಮೊದ್ಲು ತಿನ್ನು. ಇವ್ರ ಪಾಠ ಎಲ್ಲಿಗೂ ಓಡಿಹೋಗಲ್ಲ."

ಅವರ ಪಾಠದಲ್ಲಿ ಪುಸ್ತಕವೇ ಇರಲಿಲ್ಲ. "ಸ್ಟೇಷನ್ನಿಗೆ ಹೋಗು. ಪ್ಲಾಟ್‌ಫಾರಂ ಮೇಲೆ ಹತ್ತು ನಿಮಿಷ ನಿಂತ್ಕೊ. ಬಂದು, ಕಂಡಿದ್ದು ಬರಿ," ಎನ್ನುತ್ತಿದ್ದರು. ನಾನು ಬರೆದು ತಂದರೆ ಕೆಂಪು ಪೆನ್ನು ಹಿಡಿಯುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದರು.

"ಬಡ ಮುದುಕಿಯೊಬ್ಬಳು ಕುಳಿತಿದ್ದಳು ಅಂತ ಬರ್ದಿದೀಯ. ಬಡವಿ ಅಂತ ಹೆಂಗೆ ಗೊತ್ತಾಯ್ತು?"

"ಸೀರೆ ಹರಿದಿತ್ತು ಸಾರ್."

"ಹಂಗಾದ್ರೆ ಸೀರೆ ಹರಿದಿತ್ತು ಅಂತ ಬರಿ. ಬಡವಿ ಅನ್ನೋದು ನೀನು ಅಂದ್ಕೊಂಡಿದ್ದು. ಕಂಡಿದ್ದು ಬರಿ, ಅಂದ್ಕೊಂಡಿದ್ದು ಬರೀಬೇಡ."

ಒಂದು ಪದದ ಮೇಲೆ ಅವರಿಗೆ ಎಲ್ಲಿಲ್ಲದ ಸಿಟ್ಟು: ವಗೈರೆ. ಕೃಷ್ಣಪ್ಪ ವಗೈರೆ, ರಂಗಪ್ಪ ವಗೈರೆ ಎಂದು ಹಳೆಯ ಕಾಗದಗಳಲ್ಲಿ ಬರೆಯುತ್ತಾರಲ್ಲ, ಆ ವಗೈರೆ. ನಾನು ಒಮ್ಮೆ ಪ್ರಬಂಧದಲ್ಲಿ "ರೈತರು, ಕೂಲಿಕಾರರು ವಗೈರೆ" ಎಂದು ಬರೆದಿದ್ದೆ. ಅವರು ಹಾಳೆಯನ್ನು ಮೇಜಿನ ಮೇಲಿಟ್ಟು ಎದ್ದು ಹಿತ್ತಿಲಿಗೆ ಹೋದರು. ವಾಪಸು ಬಂದು ಹೇಳಿದರು: "ವಗೈರೆ ಅಂದ್ರೆ ಬರೆಯೋನಿಗೆ ಸೋಮಾರಿತನ. ಆ ವಗೈರೆ ಒಳಗೆ ಸಿಕ್ಕೊಂಡೋನಿಗೆ ಅದು ಅವನ ಹೆಸ್ರು, ಅವನ ಮನೆ, ಅವನ ಮದುವೆ. ನಿನ್ನ ನಾನು ಹಾಕಿದ್ದು ವಗೈರೆಗೇ ಕಣಮ್ಮ. ಅದಕ್ಕೊಂದು ಹೆಸ್ರು ಬರೆದೆ ಅಷ್ಟೆ."

ಆ ಸಂಜೆ ಬೇರೆ ಪಾಠ ಆಗಲಿಲ್ಲ.

ಅವರು ದೇವರಂಥ ಮನುಷ್ಯ ಎಂದು ನಾನು ಹೇಳುತ್ತಿಲ್ಲ. ಬೀಡಿ ಸೇದುತ್ತಿದ್ದರು, ದೊಡ್ಡಮ್ಮನಿಗೆ ಗೊತ್ತಾಗದಂತೆ ತುಳಸಿಕಟ್ಟೆಯ ಹಿಂದೆ. ಅಂಗಡಿ ಬೋರ್ಡುಗಳ ಕಾಗುಣಿತ ತಪ್ಪಿದ್ದರೆ ಒಳಗೆ ಹೋಗಿ ಜಗಳವಾಡುತ್ತಿದ್ದರು. ಸೇವೆಯಲ್ಲಿದ್ದಾಗ ಎಷ್ಟೋ ಜನರನ್ನು ಗದರಿಸಿದ್ದೇನೆ, ಬೆಳಗಿಂದ ಸಂಜೆವರೆಗೆ ಕಾಯಿಸಿದ್ದೇನೆ ಎಂದು ತಾವೇ ಒಪ್ಪಿಕೊಳ್ಳುತ್ತಿದ್ದರು. "ಆವಾಗ ಅದು ತಪ್ಪು ಅನ್ನಿಸ್ತಿರ್ಲಿಲ್ಲ. ಕೆಲ್ಸ ಅನ್ನಿಸ್ತಿತ್ತು," ಎಂದು ಒಂದು ದಿನ ಹೇಳಿದ್ದು ನನ್ನ ಕಿವಿಯಲ್ಲಿ ಹಾಗೇ ಇದೆ.

ನಾನು ಓಟದಲ್ಲಿ ಪಾಸಾದೆ, ಬರವಣಿಗೆಯಲ್ಲಿ ಪಾಸಾದೆ, ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತು. ಅಪ್ಪ ಊರಿಗೆಲ್ಲ ಬೆಲ್ಲ ಹಂಚಿದ. ತಿಂಗಳೆರಡಾದ ಮೇಲೆ ಒಂದು ಪತ್ರ ಬಂತು. ನನ್ನ ಮೇಲೆ ಕ್ರಿಮಿನಲ್ ಪ್ರಕರಣ ವಿಚಾರಣೆಯಲ್ಲಿರುವುದರಿಂದ ನೇಮಕಾತಿ ಆದೇಶವನ್ನು ತಡೆಹಿಡಿಯಲಾಗಿದೆ, ತೀರ್ಪಿನ ಪ್ರತಿ ಸಲ್ಲಿಸಿದ ಮೇಲೆ ಪರಿಶೀಲಿಸಲಾಗುವುದು ಎಂದಿತ್ತು.

ಊರಿನಲ್ಲಿ ಸುದ್ದಿ ಹಬ್ಬಿತು. ಪಕ್ಕದ ಹೊಲದವರು ಹಿರಿಯರೊಬ್ಬರ ಕೈಲಿ ಹೇಳಿ ಕಳಿಸಿದರು: ಬಂಡಿದಾರಿ ಬಿಟ್ಟುಕೊಟ್ಟರೆ ಕೋರ್ಟಿನಲ್ಲಿ ರಾಜಿಯಾಗುತ್ತೇವೆ, ನಿಮ್ಮ ಮಗಳ ಕೆಲಸ ಉಳಿಯುತ್ತದೆ. ಆ ದಾರಿ ಹೋದರೆ ಗಾಡಿ ಹೊಲಕ್ಕೆ ಇಳಿಯುವುದೇ ಇಲ್ಲ. ಆದರೂ ಅಪ್ಪ ಒಪ್ಪಿಬಿಟ್ಟ. "ಈರುಳ್ಳೀನ ತಲೆ ಮೇಲೆ ಹೊರ್ತೀನಿ. ನೀನು ಟೋಪಿ ಹಾಕ್ಕಂಡ್ರೆ ಸಾಕು," ಎಂದ.

ನಾನು ಅಪ್ಪನನ್ನು ಕರೆದುಕೊಂಡು ಕಡೂರಿಗೆ ಓಡಿದೆ. ರೈಟರು ಎಲ್ಲವನ್ನೂ ಕೇಳಿಸಿಕೊಂಡರು.

"ರಾಜಿ ಆದ್ರೆ ಕೇಸು ಮುಗೀತದೆ," ಎಂದರು. "ಆದ್ರೆ ನೀನು ತಪ್ಪು ಮಾಡಿಲ್ಲ ಅಂತ ಯಾರೂ ಬರ್ದುಕೊಡಲ್ಲ. ಕೊಟ್ಟು ತಗೊಂಡು ಬಿಡಿಸ್ಕೊಂಡ್ರು ಅಂತ ಆಗ್ತದೆ. ಆ ಕಾಗದಾನ ನೋಡಿ ಅವ್ರು ಬ್ಯಾಡ ಅಂದ್ರೂ ಅನ್ನಬಹುದು. ದಾರೀನೂ ಹೋಯ್ತು, ಕೆಲ್ಸಾನೂ ಹೋಯ್ತು ಅಂದಂಗಾಗ್ತದೆ. ವಿಚಾರಣೆ ನಡೀಲಿ."

"ನೀವು ಕಟಕಟೇಲಿ ನಿಂತು ಮಾತು ಬದಲಾಯಿಸಿದ್ರೆ?" ಅಪ್ಪ ನೇರವಾಗಿ ಕೇಳಿದ.

"ನಾನು ಬದಲಾಯಿಸ್ತೀನಿ ಅನ್ನೋ ಭಯ ಇದ್ರೆ ರಾಜಿ ಆಗಿ. ನಾನು ಬೇಜಾರು ಮಾಡ್ಕಳಲ್ಲ."

ಅಪ್ಪ ಬಹಳ ಹೊತ್ತು ಅವರ ಮುಖ ನೋಡಿದ. ರಾಜಿ ಬೇಡ ಎಂದು ಹೇಳಿ ಕಳಿಸಿದ.

ಸಾಕ್ಷಿಯ ದಿನಕ್ಕೆ ವಾರವಿದ್ದಾಗ, ಅವರ ಜತೆ ಕೆಲಸ ಮಾಡಿದ್ದ ಒಬ್ಬರು ಮನೆಗೆ ಬಂದಿದ್ದರು. ನಾನು ಒಳಗೆ ದೊಡ್ಡಮ್ಮನ ಜತೆ ಕುಳಿತಿದ್ದೆ. ಹಜಾರದ ಮಾತು ಕೇಳಿಸುತ್ತಿತ್ತು.

"ನೀನು ಹಿಂಗೆ ಹೇಳಿದ್ರೆ ಠಾಣೆ ಮರ್ಯಾದೆ ಏನಾಗ್ತದೆ? ನಿನಗೆ ನೋಟಿಸ್ ಬತ್ತದೆ ಕಣಯ್ಯ. ರಿಟೈರ್ ಆಗಿ ನೆಮ್ಮದಿಯಾಗಿದೀಯ. ನೆನಪಿಲ್ಲ ಅನ್ನು, ಮುಗೀತು."

"ನೆನಪಿದೆಯಲ್ಲ," ಎಂದರು ರೈಟರು.

ಬಂದವರು ಕಾಫಿ ಮುಟ್ಟದೆ ಎದ್ದು ಹೋದರು. ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡಿದ್ದರು. ನನಗೆ ನಾಚಿಕೆಯಾಯಿತು. ಈ ಮನೆಯ ನೆಮ್ಮದಿ ಹಾಳು ಮಾಡಲು ನಾನು ಯಾರು? "ದೊಡ್ಡಮ್ಮ, ಬೇಡ ಅಂತ ನೀವಾದ್ರೂ ಹೇಳಿ," ಎಂದೆ. ಅವರು ತಲೆ ಆಡಿಸಿದರು. "ಅವ್ರು ನಿಮ್ಮೂರಿಗೆ ಹೋಗಿ ಬಂದಾಗಿಂದ ಮಲಗಿದ ತಕ್ಷಣ ನಿದ್ದೆ ಮಾಡ್ತಾರೆ ಕಣೇ. ಮೊದ್ಲು ಮಾಡ್ತಿರ್ಲಿಲ್ಲ. ಹೋಗಿ ಹೇಳ್ಲಿ ಬಿಡು."

ತರೀಕೆರೆಯ ಕೋರ್ಟು ಆ ದಿನ ತುಂಬಿತ್ತು. ನಾವು ನಾಲ್ವರು ಆರೋಪಿಗಳು ಹಿಂದೆ ಸಾಲಾಗಿ ನಿಂತಿದ್ದೆವು. ರೈಟರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದು, ಕಟಕಟೆ ಹತ್ತಿ, ಪ್ರಮಾಣ ಮಾಡಿದರು. ನ್ಯಾಯಾಧೀಶರು ಚಿಕ್ಕ ವಯಸ್ಸಿನ ಹೆಂಗಸು. ಸರ್ಕಾರಿ ವಕೀಲರು ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರ ಕೊಟ್ಟರು: ದೂರು ಬರೆದವನು ನಾನು, ಸಹಿ ನನ್ನದು, ದೂರುದಾರರ ತಲೆಯಲ್ಲಿ ಗಾಯವಿತ್ತು. ಅಪ್ಪನ ಉಸಿರು ನನಗೆ ಕೇಳಿಸುತ್ತಿತ್ತು.

ಆಮೇಲೆ ನಮ್ಮ ವಕೀಲರು ಎದ್ದರು.

"ದೂರುದಾರರು ನಾಲ್ಕೂ ಜನರ ಹೆಸರು ಹೇಳಿದರೇ?"

"ಇಲ್ಲ. ಇಬ್ಬರು ಗಂಡಸರ ಹೆಸರು ಹೇಳಿದರು. ಹೆಂಗಸರ ಹೆಸರು ಸೇರಿಸಿದ್ದು ನಾನು."

ಬರೆದುಕೊಳ್ಳುತ್ತಿದ್ದ ಗುಮಾಸ್ತ ತಲೆ ಎತ್ತಿದ. ನ್ಯಾಯಾಧೀಶರು ಮುಂದಕ್ಕೆ ಬಾಗಿ, "ನೀವು ಏನು ಹೇಳುತ್ತಿದ್ದೀರಿ, ಅದರಿಂದ ನಿಮಗೆ ಏನಾಗಬಹುದು ಗೊತ್ತಿದೆಯೇ?" ಎಂದು ಕೇಳಿದರು.

"ಗೊತ್ತಿದೆ ಮೇಡಂ. ನಾಲ್ಕನೇ ಆರೋಪಿ ಅವತ್ತು ಕಾಲೇಜಿನಲ್ಲಿದ್ದಳು ಎಂಬ ಪತ್ರ ಠಾಣೆಗೆ ಬಂದಿತ್ತು. ಅದನ್ನು ಚಾರ್ಜ್‌ಶೀಟಿನ ಜತೆ ನಾನು ಇಡಲಿಲ್ಲ. ಠಾಣೆಯ ಫೈಲು ತರಿಸಿ ನೋಡಿ, ಅಡಿಯಲ್ಲಿರುತ್ತದೆ."

ಸರ್ಕಾರಿ ವಕೀಲರಿಗೆ ಕೋಪ ಬಂದಿತ್ತು. ಮತ್ತೆ ಪ್ರಶ್ನಿಸಲು ಅನುಮತಿ ಕೇಳಿ ಎದ್ದು ನಿಂತರು. "ಈ ಹುಡುಗಿಗೆ ನೀವು ಮನೆಯಲ್ಲಿ ಪಾಠ ಹೇಳಿಕೊಟ್ಟಿದ್ದೀರಿ. ನಿಜವೋ ಸುಳ್ಳೋ?"

ರೈಟರು ಇಲ್ಲ ಎನ್ನಬಹುದಿತ್ತು.

"ನಿಜ."

"ಅಂದರೆ ಅವಳನ್ನು ಉಳಿಸಲು ಸುಳ್ಳು ಹೇಳುತ್ತಿದ್ದೀರಿ."

"ಅವಳ ತಂದೆ ಹೊಡೆದಿಲ್ಲ ಎಂದು ನಾನು ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು. ಹಾಗೆ ಹೇಳಬೇಕೆಂದು ಅವರ ಮನೆಯವರೇ ಕೇಳಿದ್ದರು. ನಾನು ಹೇಳಿಲ್ಲ."

ನನ್ನ ಪಕ್ಕದಲ್ಲಿ ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡ. ಆಮೇಲೆ ಸೇವೆಯಲ್ಲಿ ದೊಡ್ಡ ದೊಡ್ಡ ಅಧಿಕಾರಿಗಳ ಮುಂದೆ ಸೆಲ್ಯೂಟ್ ಹೊಡೆದು ನಿಂತಿದ್ದೇನೆ. ಆ ದಿನ ಆ ಬಿಳಿ ಅಂಗಿಯ ಮುಂದೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾದಷ್ಟು ಇನ್ನೆಂದೂ ಆಗಿಲ್ಲ.

ಫೈಲು ತರಿಸಿದರು. ಪತ್ರ ಅವರು ಹೇಳಿದ ಜಾಗದಲ್ಲೇ ಇತ್ತು. ತಿಂಗಳ ಮೇಲೆ ತೀರ್ಪು ಬಂತು. ಅಪ್ಪ, ಚಿಕ್ಕಪ್ಪ ತಪ್ಪಿತಸ್ಥರು. ಮೊದಲ ತಪ್ಪೆಂದು ಜೈಲಿಗೆ ಕಳಿಸದೆ ಮುಚ್ಚಳಿಕೆ ಬರೆಸಿಕೊಂಡು ಬಿಟ್ಟರು. ಅವ್ವ ಮತ್ತು ನಾನು ನಿರ್ದೋಷಿಗಳು. ನನ್ನ ವಿಷಯದಲ್ಲಿ, ಈ ಆರೋಪಿ ಸ್ಥಳದಲ್ಲೇ ಇರಲಿಲ್ಲ ಎಂದು ನ್ಯಾಯಾಧೀಶರು ಸ್ಪಷ್ಟವಾಗಿ ಬರೆದಿದ್ದರು. ಹೊರಗೆ ಬಂದಮೇಲೆ ಅಪ್ಪ ಎದುರಿನ ಹೋಟೆಲಿನಿಂದ ಒಂದು ಲೋಟ ಕಾಫಿ ತಂದು ರೈಟರ ಕೈಗಿಟ್ಟು, ಅವರು ಕುಡಿದು ಮುಗಿಸುವವರೆಗೂ ಎದುರಿಗೆ ನಿಂತಿದ್ದ.

ತೀರ್ಪಿನ ಪ್ರತಿ ಸಲ್ಲಿಸಿದ ಮೇಲೆ ನನಗೆ ನೇಮಕಾತಿ ಆದೇಶ ಬಂತು. ರೈಟರಿಗೆ ನೋಟಿಸ್ ಬಂದೇ ಬಂತು. ವಿಚಾರಣೆಗೆಂದು ಅವರು ಚಿಕ್ಕಮಗಳೂರಿಗೆ ಹಲವು ಸಲ ಹೋಗಿಬಂದರು. ಕಡೂರಿನ ಪೇಟೆಯಲ್ಲಿ ಹಳೆಯ ಸಹೋದ್ಯೋಗಿಗಳು ಅವರನ್ನು ಕಂಡರೆ ರಸ್ತೆ ದಾಟಿಬಿಡುತ್ತಿದ್ದರು. ನಾನು ತರಬೇತಿಗೆ ಹೊರಡುವ ಹಿಂದಿನ ದಿನ ಕಾಲಿಗೆ ನಮಸ್ಕಾರ ಮಾಡಲು ಹೋದರೆ ಹಿಂದೆ ಸರಿದರು. "ನನ್ ಕಾಲು ಮುಟ್ಟಬೇಡ ಕಣಮ್ಮ. ನಿನಗೆ ನಾನು ಕೊಟ್ಟಿದ್ದೇನಿಲ್ಲ. ಕಿತ್ಕೊಂಡಿದ್ದು ವಾಪಸ್ ಕೊಟ್ಟೆ ಅಷ್ಟೆ."

ತರಬೇತಿ ಮುಗಿಯಲು ಇನ್ನೂ ಕೆಲವು ವಾರಗಳಿದ್ದಾಗ ಅವರು ಹೋಗಿಬಿಟ್ಟರು. ಬೆಳಿಗ್ಗೆ ಪೇಪರು ಓದುತ್ತಾ ಕುಳಿತವರು ಹಾಗೆಯೇ ಪಕ್ಕಕ್ಕೆ ವಾಲಿದರಂತೆ. ಮಣ್ಣಿಗೆ ಹೋಗಲು ನನಗೆ ರಜೆ ಸಿಗಲಿಲ್ಲ. ಹನ್ನೊಂದನೆಯ ದಿನಕ್ಕೆ ಒಂದು ದಿನದ ರಜೆ ಪಡೆದು ಕಡೂರಿಗೆ ಬಂದೆ. ಅಪ್ಪ, ಅವ್ವ ಮೊದಲೇ ಬಂದು ಕೆಲಸಕ್ಕೆ ನಿಂತಿದ್ದರು. ಇಲಾಖೆಯಿಂದ ಬಂದವರು ಇಬ್ಬರೋ ಮೂವರೋ. ನೆಂಟರೂ ಹೆಚ್ಚಿಲ್ಲ. ದೊಡ್ಡಮ್ಮ ಮಾಡಿಸಿದ್ದ ಅಡುಗೆ ಉಳಿದುಹೋಗುತ್ತದೆಂದು ಅವ್ವ ಚಿಂತೆ ಮಾಡುತ್ತಿದ್ದಳು.

ಹನ್ನೆರಡು ಗಂಟೆಯ ಹೊತ್ತಿಗೆ ಜನ ಬರತೊಡಗಿದರು. ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ, ಬಸ್ಸಿಳಿದು ಮನೆ ಕೇಳಿಕೊಂಡು. ಸಿಂಗಟಗೆರೆ ಕಡೆಯವರು, ಅಜ್ಜಂಪುರ ಕಡೆಯವರು, ತರೀಕೆರೆಯ ಆಚೆಯವರು. ದೊಡ್ಡಮ್ಮನಿಗೆ ಒಬ್ಬರದೂ ಗುರುತಿರಲಿಲ್ಲ. ಅವರಲ್ಲೇ ಒಬ್ಬರಿಗೊಬ್ಬರ ಪರಿಚಯವಿದ್ದಂತೆಯೂ ಕಾಣಲಿಲ್ಲ. ಹಾರ ಹಾಕಿದ ಫೋಟೋ ಮುಂದೆ ನಿಂತು, ಕೈ ಮುಗಿದು, ಪಂಕ್ತಿಯಲ್ಲಿ ಕುಳಿತರು. ಮುಂಡಾಸಿನ ಒಬ್ಬ ಯಜಮಾನರ ಎಲೆಗೆ ಅನ್ನ ಬಡಿಸುತ್ತಾ ದೊಡ್ಡಮ್ಮ ಕೇಳಿದರು, "ತಪ್ಪು ತಿಳ್ಕಬೇಡಿ. ನೀವು ನಮಗೆ ಏನಾಗಬೇಕು?"

"ನೆಂಟ್ರಲ್ಲ ತಾಯಿ," ಎಂದರು ಅವರು. "ಬಹಳ ಹಿಂದೆ ನನ್ ತಮ್ಮನ ಮೇಲೆ ಇವ್ರು ಕೇಸ್ ಬರೆದಿದ್ರು. ಅವನು ಅಲ್ಲಿರ್ಲೇ ಇಲ್ಲ. ಶಿಕ್ಷೆ ಆಯ್ತು, ಅನುಭವಿಸ್ದ, ಮುಗೀತು. ಹೋದ ವರ್ಷ ಒಂದಿನ ಇವ್ರು ನಮ್ಮನೆ ಹುಡೀಕಂಡು ಬಂದ್ಬಿಟ್ರು. ತಪ್ಪು ನಂದು, ನೋಡ್ದೆ ಬರೆದೆ, ಇವತ್ತು ಏನೂ ಸರಿ ಮಾಡಕ್ಕಾಗಲ್ಲ, ಹೇಳಕ್ಕೆ ಬಂದೆ ಅಂದ್ರು. ನನ್ ತಮ್ಮ ಎದ್ದು ಒಳಕ್ಕೆ ಹೋಗ್ಬಿಟ್ಟ. ಇವ್ರು ಬಿಸ್ಲಲ್ಲೇ ಕುಂತಿದ್ರು. ಸಂಜೆ ಅವನೇ ಹೊರಕ್ಕೆ ಬಂದು ಊಟ ಮಾಡ್ಕಂಡು ಹೋಗಿ ಅಂದ."

"ನಮ್ಮನೆಗೂ ಬಂದಿದ್ರು," ಎಂದಳು ಎದುರು ಸಾಲಿನ ಹೆಂಗಸೊಬ್ಬಳು. "ನಾನು ಬಾಯಿಗೆ ಬಂದಂಗೆ ಬೈದೆ. ಪೂರ್ತಿ ಕೇಳಿಸ್ಕಂಡ್ರು."

ಸಾಲಿನ ಆ ತುದಿಯಿಂದ ಇನ್ನೊಬ್ಬರು ಕೈ ಎತ್ತಿದರು. ಆಮೇಲೆ ಮತ್ತೊಬ್ಬರು. ಆ ಪಂಕ್ತಿಯಲ್ಲಿ ಕುಳಿತ ಹೊಸ ಮುಖಗಳೆಲ್ಲ ಒಂದನ್ನೊಂದು ನೋಡಿಕೊಂಡವು.

ದೊಡ್ಡಮ್ಮ ಅನ್ನದ ಪಾತ್ರೆ ಹಿಡಿದು ಹಾಗೇ ನಿಂತರು. "ಮಂಗಳವಾರ ಮಂಗಳವಾರ ಅಂತರಘಟ್ಟೆ ಬಸ್ಸಿಗೆ ಹೋಗಿಬತ್ತೀನಿ ಅಂತಿದ್ರು," ಎಂದರು ನನ್ನ ಕಡೆ ತಿರುಗಿ. "ಅಮ್ಮನ ಗುಡಿಗೆ ಅಂದ್ಕಂಡಿದ್ದೆ ಕಣೇ. ಪ್ರಸಾದ ಯಾಕೆ ತರಲ್ಲ ಅಂತ ಬೈತಿದ್ದೆ."

ಅವರು ಅಳುತ್ತಾರೆ ಎಂದುಕೊಂಡು ನಾನು ಪಾತ್ರೆಗೆ ಕೈ ಚಾಚಿದೆ. ಕೊಡಲಿಲ್ಲ. ಸೆರಗನ್ನು ಸೊಂಟಕ್ಕೆ ಬಿಗಿದು, ಬೈದೆ ಎಂದ ಆ ಹೆಂಗಸಿನ ಎಲೆಗೇ ಮೊದಲು ಹೋಗಿ, ಇನ್ನೂ ಎರಡು ಸೌಟು ಅನ್ನ ಹಾಕಿದರು. "ಕೂತ್ಕಂಡು ನಿಧಾನಕ್ಕೆ ಉಣ್ಣಿ. ಬೇಕಾದಷ್ಟೈತೆ," ಎಂದರು ಎಲ್ಲರಿಗೂ ಕೇಳುವಂತೆ. ಆಮೇಲೆ ನನ್ನ ಮುಖ ನೋಡಿ, ಆ ಸಾಲಿನ ಕೊನೆಯಲ್ಲಿ ಒಂದು ಎಲೆ ಹಾಸಿದರು. ರೈಟರು ಹೆಸರು ಬರೆದಿದ್ದ ಆ ಜನರ ಪಕ್ಕದಲ್ಲಿ ನಾನೂ ಹೋಗಿ ಕುಳಿತೆ.